ಬಡಗುಕೋಡಿ, ಎಂಟಡಿ ನಾಲ್ಕಡಿ

ಫ್ಲೆಕ್ಸ್ ಕಟ್ಟಿದರೆ ಜೂನಿನ ಗಾಳಿ ತಿಂದುಬಿಡುತ್ತದೆಂದು
ಪಂಚಾಯತಿಗೆ ಮತ್ತೆ ನನ್ನ ನೆನಪಾಯಿತು.
"ಬಚ್ಚಣ್ಣ, ಹೆದ್ದಾರಿ ತಿರುವಿಗೊಂದು ಬೋರ್ಡು ಬರೆ,
ಊರಿನ ಪರಿಚಯ. ಕಾರು ನಿಲ್ಲಬೇಕು, ಹಾಗೆ."
ಎಂಟಡಿ ಉದ್ದ, ನಾಲ್ಕಡಿ ಅಗಲದ ತಗಡು,
ಎರಡು ಡಬ್ಬ ಎನಾಮಲ್.

ಹೆಸರು ಕೆಂಪಿನಲ್ಲಿ ಬರೆದೆ.
ಉಡುಪಿಯಿಂದ ಬಡಗಿಗೆ, ಜಿಲ್ಲೆ ಮುಗಿಯುವ ಮೊದಲು,
ಕಂಡಕ್ಟರ್ ಕೂಗದಿದ್ದರೆ ದಾಟಿಹೋಗುವ ಊರು.
ಎಡಕ್ಕೆ ಕಡಲು, ಬಲಕ್ಕೆ ಹೊಳೆ,
ನಡುವೆ ಮರಳಪಟ್ಟಿಯ ಮೇಲೆ ನಾವು,
ಎರಡು ಮನೆಯ ತಕರಾರಿಗೆ ಸಿಕ್ಕ ಬೇಲಿಯ ಹಾಗೆ
ವರ್ಷಕ್ಕಿಷ್ಟು ಸರಿಯುತ್ತ.

ಜನಸಂಖ್ಯೆ, ಎಂದು ಬರೆದು ಕುಂಚ ಎತ್ತಿದೆ.
ಡಿಸೆಂಬರಿನದೋ? ಜುಲೈಯದೋ?
ಡಿಸೆಂಬರಿನಲ್ಲಿ ಮಾಧವ ಖಾರ್ವಿಯ ಮಕ್ಕಳು
ಒಲೆಯ ಪಕ್ಕ ಸಾಲಾಗಿ ಮಲಗುತ್ತಾರೆ.
ಅವರ ಕೋಣೆಯೀಗ ಹೋಂ ಸ್ಟೇ, ದಿನಕ್ಕೆ ಎರಡೂವರೆ ಸಾವಿರ.
ಜುಲೈಯಲ್ಲಿ ಅದೇ ಮಂಚದ ಮೇಲೆ ಬಲೆಯ ರಾಶಿ,
ಎಸಿಯ ಹೊಟ್ಟೆಯಲ್ಲಿ ಗುಬ್ಬಿ ಸಂಸಾರ.

ಅಂಬಿಕಾ ಲಾಡ್ಜು ಸೀ ಬ್ರೀಜ್ ಆಯಿತು,
ಸೀ ಬ್ರೀಜ್ ಬ್ಲೂ ಪರ್ಲ್ ಆಯಿತು.
ಗೋಡೆ ಅದೇ, ಕೈಯೂ ಇದೇ.
ಉಪ್ಪುಗಾಳಿಗೆ ಬಣ್ಣ ಎದ್ದಾಗ
ಮೂರೂ ಹೆಸರು ಒಟ್ಟಿಗೆ ಇಣುಕುತ್ತವೆ,
ಮೊದಲ ಎರಡರ ಬಾಕಿ ನನಗೆ ಇನ್ನೂ ಬಂದಿಲ್ಲ.

ನೋಡತಕ್ಕ ಸ್ಥಳಗಳು.
"ಇಲ್ಲ್ ಎಂತ ಇತ್ತ್ ಮಾರಾಯ್ರೆ ನೋಡುಕೆ?"
ಮೀನು ಹುರಿಯುವ ಚಿಕ್ಕಮ್ಮು ಬಂದವರನ್ನೇ ಕೇಳುತ್ತಾಳೆ,
ಕೇಳಿ, ಅವರ ಎಲೆಗೆ ಇನ್ನೊಂದು ಬಂಗುಡೆ ಹಾಕುತ್ತಾಳೆ.
ಸೂರ್ಯ ಮುಳುಗುವುದು ಉಂಟು. ಅದು ಧರ್ಮಕ್ಕೆ.
ಅವನಿಗೆ ಬೆನ್ನು ಹಾಕಿ ಎಲ್ಲರೂ ಫೋಟೋ ತೆಗೆಯುತ್ತಾರೆ.
ಮದುವೆ ನಿಶ್ಚಯವಾದ ಜೋಡಿಗಳು
ಬಾಡಿಗೆ ಗೌನಿನ ಬಾಲ ಎತ್ತಿಕೊಂಡು
ಇನಾಸ್ ರೆಬೆಲ್ಲೊನ ದೋಣಿ ಹತ್ತುತ್ತವೆ.
ಕಡಲಿಗಿಳಿಯದ ದೋಣಿ. ಒಂದು ಹತ್ತಿಳಿಗೆ ಮುನ್ನೂರು.
ಮೀನಿಗಿಂತ ಇದು ಖಾತ್ರಿ, ಅನ್ನುತ್ತಾನೆ ಇನಾಸ.
ಅಂದವನು ಪ್ರತಿ ಆಗಸ್ಟಿಗೆ, ಯಾರೂ ನೋಡದಾಗ,
ಅದರ ಅಡಿಗೆ ಎಣ್ಣೆ ಹಚ್ಚುತ್ತಾನೆ.

ಕಡಲಿಗಿಳಿಯುವ ದಾರಿಯಲ್ಲಿ ಇನ್ನೊಂದು ಬೋರ್ಡುಂಟು.
ಅದನ್ನೂ ನಾನೇ ಬರೆದದ್ದು.
ಇಲ್ಲಿ ಈಜಬೇಡಿ. ಈವರೆಗೆ ಸತ್ತವರು —
ಅಂಕಿಗೆ ಮಾತ್ರ ಬೇರೆ ತಗಡು, ಎರಡು ಕೊಕ್ಕೆ.
ಪ್ರತಿ ಸಲ ಪೂರ್ತಿ ಬರೆಸಿದರೆ ಪಂಚಾಯತಿಗೆ ಪೂರೈಸುವುದಿಲ್ಲ.
ಹದಿನೇಳು ಬರೆದ ದಿನ
ಸೀಟಿ ಊದುವ ಹುಡುಗ ಪಕ್ಕದಲ್ಲಿ ನಿಂತಿದ್ದ.
ಹಾವೇರಿ ಕಡೆಯವನು, ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ.
"ನಾನು ಊದಿದೆ," ಅಂದ.
"ಅವನು ಕೈ ಬೀಸಿದ. ನಾನೂ ಬೀಸಿದೆ."
ಏಳರ ಬಾಲದಿಂದ ಬಣ್ಣ ಇಳಿಯುತ್ತಿತ್ತು,
ಬೆರಳಿನಲ್ಲಿ ಒರೆಸಿದೆ. ಮಾತು ಸಿಗಲಿಲ್ಲ.

ಮುಂದಿನ ತಗಡನ್ನೂ ಆಗಲೇ ಕೊಟ್ಟಿದ್ದಾರೆ,
ಬರೆದಿಡು, ಹೇಗೂ ಬೇಕಾಗುತ್ತದೆ ಎಂದು.
ಮನೆಯ ಮಾಡಿನಡಿ ಸಿಕ್ಕಿಸಿದ್ದೇನೆ.
ಖಾಲಿ. ನನ್ನ ಹೆಂಡತಿ ಅದರ ಮೇಲೆ
ಒಮ್ಮೆ ಸಂಡಿಗೆ ಒಣಹಾಕಲು ಹೊರಟಳು,
ಬೈದೆ. ಯಾಕೆಂದು ಹೇಳಲಿಲ್ಲ.

ಈ ಬೋರ್ಡಿನಲ್ಲಿ ಇನ್ನು ಎರಡು ಸಾಲಿಗೆ ಜಾಗ.
ಬಸ್ಸಿನ ವೇಳೆ, ರೈಲು ಸ್ಟೇಷನ್ನಿನ ದೂರ ಬರೆಯಬೇಕಂತೆ.
ನಾನು, ಬನ್ನಿ, ಎಂದು ದಪ್ಪಕ್ಷರದಲ್ಲಿ ಬರೆದೆ.
ಅದರಡಿ, ಮೊಣಕಾಲಿನವರೆಗೆ.

ಪಿಡಿಒ ಸ್ಕೂಟರ್ ನಿಲ್ಲಿಸಿ ಓದಿದರು, ಮತ್ತೊಮ್ಮೆ ಓದಿದರು.
"ಇದೆಂಥ ಪರಿಚಯ ಮಾರಾಯಾ? ಕಡೆಯ ಸಾಲು ಅಳಿಸು."
ಎನಾಮಲ್ ಸಾರ್, ಒಣಗಿಹೋಯಿತು, ಎಂದೆ.
ಒಣಗಿರಲಿಲ್ಲ.